ಕೋರಂ ಇಲ್ಲದ ಗಂಟೆ

ಕೆಲವರಿಗೆ ಕೆಲಸ ಮಾಡುವ ಹುಚ್ಚಿರುತ್ತದೆ. ಇನ್ನು ಕೆಲವರಿಗೆ ಆ ಕೆಲಸವನ್ನು ಹೇಗೆ ಮಾಡಬೇಕೆಂದು ನಿಯಮ ಬರೆಯುವ ಹುಚ್ಚು. ನಾನು ಎರಡನೆಯ ಪಂಗಡದವನು ಎಂದು ಈಗ, ಇದ್ದಬದ್ದ ಮರ್ಯಾದೆಯೆಲ್ಲ ಹೋದ ಮೇಲೆ, ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಾಲ್ಕು ಜನ ಸೇರಿ ಯಗಚಿ ಡ್ಯಾಮಿಗೆ ಪಿಕ್‌ನಿಕ್ ಹೋಗೋಣ ಎಂದರೆ ಉಳಿದ ಮೂವರು ಬುತ್ತಿಗೆ ಏನು ಕಟ್ಟಿಕೊಳ್ಳುವುದು ಎಂದು ಯೋಚಿಸುತ್ತಾರೆ. ನಾನು ಅಧ್ಯಕ್ಷರು ಯಾರು ಎಂದು ಯೋಚಿಸುತ್ತೇನೆ. ನಮ್ಮ ಬೀದಿಯ ಬೋರ್‌ವೆಲ್ ಸಮಿತಿಗೆ ನಾನು ಬೈಲಾ ಬರೆದು ಮುಗಿಸುವ ಹೊತ್ತಿಗೆ ಬೋರ್‌ವೆಲ್ಲೇ ಬತ್ತಿತ್ತು. ಸಮಿತಿ ಮಾತ್ರ ಇನ್ನೂ ಇದೆ. ಒಂದು ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ಎಂಬ ಪ್ರಶ್ನೆ ಎದ್ದು, ನನ್ನ ಹೆಂಡತಿ ಗಿರಿಜಾ ಉಪ್ಪಿಟ್ಟು ಎಂದಳು, ನಾನು ಅವಲಕ್ಕಿ ಎಂದೆ. ಮತಗಳು ಸಮಸಮ ಆದ್ದರಿಂದ ಅಧ್ಯಕ್ಷರ ನಿರ್ಣಾಯಕ ಮತ ಅವಲಕ್ಕಿಗೆ ಎಂದು ಘೋಷಿಸಿದೆ. "ಅಧ್ಯಕ್ಷರು ಯಾರ್ರೀ?" ಎಂದಳು. "ನಾನೇ" ಎಂದೆ. "ಹಾಗಾದ್ರೆ ಅಧ್ಯಕ್ಷರೇ ಎದ್ದು ಒಗ್ಗರಣೆ ಹಾಕ್ಕೊಳ್ಳಲಿ" ಎಂದಳು. ಆ ದಿನ ಸರ್ವಾನುಮತದಿಂದ ಉಪ್ಪಿಟ್ಟು ತಿಂದೆವು.

ಇಂಥವನ ಕೈಗೆ ಒಂದು ಸಾಫ್ಟ್‌ವೇರ್ ಸಿಕ್ಕಿದರೆ ಏನಾಗಬಹುದೋ ಅದೇ ಆಯಿತು. ಆ ಕಥೆ ಹೇಳುವ ಮೊದಲು ಬೆಡ್‌ಶೀಟಿನ ಕಥೆ ಹೇಳಬೇಕು.

ನಾನು ಅರಸೀಕೆರೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಎಲ್ಲ ಶಾಲೆಗಳಲ್ಲೂ ವೇಳಾಪಟ್ಟಿ ಮಾಡುವ ಕೆಲಸ ಗಣಿತದವರ ತಲೆಗೇ ಬರುತ್ತದೆ. ಅದು ಲೆಕ್ಕದ ಕೆಲಸ ಎಂಬ ತಪ್ಪು ತಿಳಿವಳಿಕೆ ಲೋಕದಲ್ಲಿದೆ. ಅದು ಲೆಕ್ಕವಲ್ಲ, ರಾಜಿ ಪಂಚಾಯ್ತಿ. ಬಾಣಾವರದಿಂದ ಬರುವ ಕನ್ನಡದ ಮೇಡಂಗೆ ಬಸ್ಸು ತಡವಾಗುವುದರಿಂದ ಮೊದಲ ಪಿರಿಯಡ್ ಬೇಡ. ಸಮಾಜದ ಮೇಷ್ಟ್ರಿಗೆ ಊಟವಾದ ಮೇಲಿನ ಪಿರಿಯಡ್ ಬೇಡ, ಏಕೆಂದರೆ ಮಕ್ಕಳಿಗಿಂತ ಮೊದಲು ಅವರಿಗೇ ನಿದ್ದೆ ಹತ್ತುತ್ತದೆ. ಪಿ.ಟಿ. ಮೇಷ್ಟ್ರಿಗೆ ಬಿಸಿಲಿನ ಪಿರಿಯಡ್ ಬೇಡ, ಮಳೆ ಬಂದರೆ ಯಾವ ಪಿರಿಯಡ್ಡೂ ಬೇಡ. ತೊಂಬತ್ತರ ದಶಕವಿಡೀ ನಾನು ಪ್ರತಿ ಮೇ ತಿಂಗಳಲ್ಲಿ ನಡುಮನೆಯಲ್ಲಿ ಒಂದು ಬೆಡ್‌ಶೀಟ್ ಹಾಸಿ, ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಬಣ್ಣದ ಚೀಟಿ ಕತ್ತರಿಸಿ, ಅವನ್ನು ಅಲ್ಲಿಂದಿಲ್ಲಿಗೆ ಸರಿಸುತ್ತ ಮಂಡಿಯೂರಿ ಕೂತಿರುತ್ತಿದ್ದೆ. ಒಂದು ವರ್ಷ, ಎಲ್ಲ ಚೀಟಿಗಳೂ ತಮ್ಮ ತಮ್ಮ ಮನೆ ಸೇರಿದ ಆ ಶುಭಗಳಿಗೆಯಲ್ಲಿ, ಗಿರಿಜಾ ಪಾಪ ಎಂದುಕೊಂಡು ನನಗೆ ಗಾಳಿಯಾಗಲೆಂದು ಫ್ಯಾನ್ ಹಾಕಿದಳು. ಹಾರಿದ ಚೀಟಿಗಳನ್ನೆಲ್ಲ ಹೆಕ್ಕಿ ಮತ್ತೆ ಜೋಡಿಸಿದೆ. ಹಿಂದಿ ಮೇಡಮ್ಮಿನ ಚೀಟಿಗಳು ಮಂಚದ ಕೆಳಗೇ ಉಳಿದವೆಂದು ಗೊತ್ತಾದದ್ದು ಶಾಲೆ ಶುರುವಾದ ಎಷ್ಟೋ ದಿನಗಳ ಮೇಲೆ. ಅವರಿಗೆ ಒಂದೂ ತರಗತಿ ಇರಲಿಲ್ಲ. ಆ ಪುಣ್ಯಾತ್ಮರು ಅದನ್ನು ಯಾರಿಗೂ ಹೇಳಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದ ಮೇಲೆ ಹಾಸನದಲ್ಲಿ ನಮಗೆಲ್ಲ ಕಂಪ್ಯೂಟರ್ ತರಬೇತಿ ನಡೆಯಿತು. ಅಲ್ಲಿ ಪಾಠ ಹೇಳಲು ಬಂದಿದ್ದವನು ಬೇಲೂರಿನ ಮಲ್ಲೇಶ. ಬೇಲೂರಿನದೇ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. ನನ್ನ ಬೆಡ್‌ಶೀಟಿನ ಗೋಳು ಕೇಳಿ ಅವನು ನಕ್ಕು, "ಇದನ್ನ ಕಂಪ್ಯೂಟರೇ ಮಾಡುತ್ತೆ ಸಾರ್, ಬರೆಯೋಣ ಬನ್ನಿ" ಎಂದ. ಬರೆದೆವು. ಬರೆದವನು ಅವನು, ಪಕ್ಕದಲ್ಲಿ ಕೂತು "ಪಿ.ಟಿ. ಮೇಷ್ಟ್ರಿಗೆ ಬಿಸಿಲು ಆಗಲ್ಲ" ಎಂದು ಹೇಳಿದವನು ನಾನು. ಹೆಸರಿಟ್ಟವನೂ ನಾನೇ: 'ಗಂಟೆ'. ಅದನ್ನು ಓಪನ್ ಸೋರ್ಸ್ ಮಾಡೋಣ ಎಂದು ಮಲ್ಲೇಶ ಹೇಳಿದಾಗ, ಹಾಗೆಂದರೇನೆಂದು ಕೇಳಿ ತಿಳಿದುಕೊಂಡು, ಆಮೇಲೆ ಅವನಿಗಿಂತ ಜಾಸ್ತಿ ಅದರ ಬಗ್ಗೆ ಮಾತಾಡಿದವನೂ ನಾನೇ. ಪ್ರೋಗ್ರಾಮಿನ ಒಳಗಿನ ಬರಹವೆಲ್ಲ ಬಯಲು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು, ಯಾರ ಅಪ್ಪಣೆಯೂ ಬೇಡ. ಹಾಗೆಂದು ಸಾರುವ ಲೈಸೆನ್ಸನ್ನು ನಾನೇ ಆರಿಸಿ ಹಾಕಿಸಿದೆ. ಒಂದು ಶಿಕ್ಷಕರ ದಿನಾಚರಣೆಯಲ್ಲಿ ಮೈಕ್ ಸಿಕ್ಕಿದಾಗ, "ಇದು ಊರ ಬಾವಿ ಇದ್ದ ಹಾಗೆ, ಹಗ್ಗ ಕೊಡ ತಂದವರು ಯಾರಾದರೂ ಸೇದಿಕೊಳ್ಳಲಿ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿದ್ದೆ.

ನಮ್ಮ ತಂಡ ಐದು ಜನರದ್ದಾಯಿತು. ನಾನು, ಮಲ್ಲೇಶ, ಹಳೇಬೀಡಿನ ಹೈಸ್ಕೂಲಿನಲ್ಲಿ ನನ್ನಂತೆಯೇ ಗಣಿತ ಹೇಳುತ್ತ ನನ್ನಂತೆಯೇ ಚೀಟಿ ಸರಿಸುತ್ತಿದ್ದ ನಾಗರತ್ನ ಮೇಡಂ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಶಿವಾನಂದ, ಕೊನೆಗೆ ರಾಮಚಂದ್ರರಾಯರು. ಮಂಡಿಯ ಲೆಕ್ಕಕ್ಕೆಂದು ಕಂಪ್ಯೂಟರ್ ಕಲಿತ ಶಿವಾನಂದನಿಗೆ ಬಣ್ಣಗಳ ಹುಚ್ಚು. ಗಂಟೆಯ ಬಟನ್ನುಗಳೆಲ್ಲ ಅವನ ಕೈಯಲ್ಲಿ ಹೋಳಿ ಆಡಿದವು. ರಾಯರು ಸ್ಟೇಷನ್ ಮಾಸ್ಟರಾಗಿ ರಿಟೈರ್ ಆದವರು, ವೇಳಾಪಟ್ಟಿ ಎಂಬ ಮಾತು ಕೇಳಿದರೆ ಕೂತಲ್ಲಿಂದ ಎದ್ದು ನಿಲ್ಲುವಂಥವರು. ಅರಸೀಕೆರೆಗೆ ಎಲ್ಲ ದಿಕ್ಕಿನಿಂದಲೂ ಬಸ್ಸು ರೈಲು ಇರುವುದರಿಂದ ಭಾನುವಾರ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಸೇರುತ್ತಿದ್ದೆವು. ಉಳಿದ ದಿನ ಈಮೇಲ್ ಗ್ರೂಪಿನಲ್ಲಿ ಚರ್ಚೆ. ನಾನು ಶಾಲೆ ಬಿಟ್ಟೊಡನೆ ಬ್ರೌಸಿಂಗ್ ಸೆಂಟರಿಗೆ ಓಡುತ್ತಿದ್ದೆ; ಹೋಗುವಷ್ಟರಲ್ಲಿ ರಾಶಿ ಮೇಲ್ ಬಂದಿರುತ್ತಿದ್ದವು. ಶನಿವಾರದ ಅರ್ಧ ದಿನಕ್ಕೆ ಇಂಟರ್‌ವಲ್ ಬೇಕೇ ಬೇಡವೇ ಎಂಬ ವಿಷಯಕ್ಕೆ ಎರಡು ಮಸಾಲೆ ದೋಸೆಯಷ್ಟು ಹೊತ್ತು ಜಗಳವಾಡಿದ್ದು ನೆನಪಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಸಂತೋಷದ ಭಾನುವಾರಗಳು ಹೆಚ್ಚಿಲ್ಲ. ಸುತ್ತಲಿನ ಎಷ್ಟೋ ಶಾಲೆಗಳಿಗೆ ನಮ್ಮ ಸಿ.ಡಿ. ಹೋಯಿತು.

ಹೀಗಿರುವಾಗ ಮಲ್ಲೇಶ ಒಂದು ಸಂಜೆ ಉಮೇದಿನಲ್ಲಿ ಹೊಸ ಆವೃತ್ತಿಯೊಂದನ್ನು ಯಾರಿಗೂ ಹೇಳದೆ ಹೊರಗೆ ಬಿಟ್ಟ. ಅದರಲ್ಲಿ ಮಧ್ಯಾಹ್ನದ ಊಟದ ಬಿಡುವು ಮಾಯವಾಗಿತ್ತು. ಒಂದು ಹಳ್ಳಿ ಶಾಲೆಯ ಹೆಡ್‌ಮಾಸ್ಟರು ಕಂಪ್ಯೂಟರ್ ಹೇಳಿದ್ದನ್ನು ದೇವರ ಅಪ್ಪಣೆ ಎಂದು ತಿಳಿಯುವವರು. ಅವರ ಜವಾನ ಹಾಳೆಯಲ್ಲಿದ್ದಂತೆ ಬೆಲ್ ಹೊಡೆದ. ಮಕ್ಕಳು ಸಂಜೆಯವರೆಗೂ ಹಸಿದುಕೊಂಡು ಪಾಠ ಕೇಳಿದರು. ಮರುದಿನ ಹೆಡ್‌ಮಾಸ್ಟರು ಫೋನ್ ಮಾಡಿ, "ಏನ್ರೀ ಮೇಷ್ಟ್ರೇ, ನಿಮ್ಮ ಗಂಟೆಗೆ ಹೊಟ್ಟೆ ಇಲ್ವೇನ್ರೀ?" ಎಂದು ಕೇಳಿದರು. ಮಲ್ಲೇಶ ಕಾಫಿ ಆರುವಷ್ಟರಲ್ಲಿ ತಪ್ಪು ಸರಿಮಾಡಿ, "ಒಂದೇ ಒಂದು ಸಾಲು ಸಾರ್, ಆಯ್ತು ಬಿಡಿ" ಎಂದ. ಆದರೆ ಬಿಡುವುದಕ್ಕೆ ನಾನು ಯಾರು? ಗೃಹನಿರ್ಮಾಣ ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದವನು. ಸಂಘ ಒಂದೂ ಮನೆ ಕಟ್ಟಲಿಲ್ಲ ಎಂಬುದು ಬೇರೆ ಮಾತು. ಬೈಲಾ ಮಾತ್ರ ಬಲು ಗಟ್ಟಿಯಾಗಿತ್ತು. ಅದನ್ನೇ ಮುಂದಿಟ್ಟುಕೊಂಡು 'ಗಂಟೆಯ ಆವೃತ್ತಿ ಬಿಡುಗಡೆ ನಿಯಮಾವಳಿ' ಬರೆದೆ. ಐವರಲ್ಲಿ ಮೂವರು ಈಮೇಲ್ ಗ್ರೂಪಿನಲ್ಲಿ ಲಿಖಿತ ಒಪ್ಪಿಗೆ ಕೊಡದ ಹೊರತು ಯಾವ ಆವೃತ್ತಿಯೂ ಹೊರಗೆ ಹೋಗತಕ್ಕದ್ದಲ್ಲ. ಬಾಯಿಮಾತಿನ ಒಪ್ಪಿಗೆ ಸಲ್ಲದು. ಒಬ್ಬರ ಪರವಾಗಿ ಇನ್ನೊಬ್ಬರು ಒಪ್ಪತಕ್ಕದ್ದಲ್ಲ. ಒಪ್ಪಿಗೆಯಲ್ಲಿ ಆವೃತ್ತಿಯ ಸಂಖ್ಯೆ ಇರತಕ್ಕದ್ದು, ವಾಕ್ಯ ಪೂರ್ಣವಾಗಿರತಕ್ಕದ್ದು. ಈ ನಿಯಮಗಳನ್ನೇ ತಿದ್ದಬೇಕಾದರೆ ನಾಲ್ವರು ಬೇಕು. ಹೋಟೆಲಿನಲ್ಲಿ ಇದನ್ನು ಓದಿ ಹೇಳುವ ಹೊತ್ತಿಗೆ ದೋಸೆ ಬಂದದ್ದರಿಂದ ಎಲ್ಲರೂ ಒಪ್ಪಿದರು.

ಇದರಲ್ಲಿ ನಾನು ವಿಶೇಷವಾಗಿ ಹೆಮ್ಮೆಪಟ್ಟ ಅಂಶ ಒಂದಿತ್ತು. ನಮ್ಮ ಕಡೆಯ ಸಂಘಗಳ ವಾರ್ಷಿಕ ಸಭೆಗೆ ಹೋದವರಿಗೆ ಇದು ಗೊತ್ತು. ಸಭೆಗೆ ಬರಬೇಕಾದಷ್ಟು ಜನ, ಅಂದರೆ ಕೋರಂ, ಎಂದೂ ಬರುವುದಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ, "ಕೋರಂ ಇಲ್ಲದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಲಾಗಿದೆ" ಎನ್ನುತ್ತಾರೆ. ಬಂದವರು ಕಾಫಿ ಬೋಂಡ ಮುಗಿಸಿ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲವೆಂದು ಬೈಲಾದಲ್ಲೇ ಇರುವುದರಿಂದ ಎಲ್ಲ ನಿರ್ಣಯಗಳೂ ಪಾಸಾಗುತ್ತವೆ. ಜನ ಅಷ್ಟೇ, ಜಾಗ ಅದೇ. ನಡುವೆ ಬೋಂಡ ಒಂದು ಬಂತು, ಅಷ್ಟೇ. ಈ ಕಳ್ಳದಾರಿಯನ್ನು ನಾನು ನಮ್ಮ ನಿಯಮಾವಳಿಯಿಂದ ಕಿತ್ತು ಹಾಕಿದೆ. ರಾಯರೊಬ್ಬರು ಮಾತ್ರ, "ಗಾಡಿ ಪಕ್ಕಕ್ಕೆ ಸರಿಸೋ ಲೂಪ್ ಲೈನೇ ಇಲ್ಲದ ಸ್ಟೇಷನ್ ಮಾಡ್ತಿದ್ದೀರಿ ನೋಡಿ ಮೇಷ್ಟ್ರೇ. ಒಂದು ಗಾಡಿ ಕೆಟ್ಟು ನಿಂತ್ರೆ ಹಿಂದಿನವೆಲ್ಲ ನಿಲ್ಲುತ್ವೆ" ಎಂದರು. ರೈಲ್ವೆಯವರಿಗೆ ತತ್ತ್ವ ಏನು ಗೊತ್ತು ಎಂದುಕೊಂಡೆ.

ಆಮೇಲೆ ಗಾಡಿಗಳು ಒಂದೊಂದಾಗಿ ನಿಂತವು. ಮೊದಲು ನಿಂತವರು ರಾಯರೇ. ಮಧ್ಯಾಹ್ನದ ಪಿರಿಯಡ್ಡನ್ನು ರೈಲಿನ ಲೆಕ್ಕದಲ್ಲಿ ಹದಿನಾಲ್ಕು ಹತ್ತು ಎಂದು ತೋರಿಸಬೇಕೆಂದು ಅವರ ಹಟ. ಎರಡು ಹತ್ತು ಎಂದೇ ಇರಲಿ ಎಂದು ನಾವು ನಾಲ್ವರು. ಸೋತ ಮೇಲೆ ಅವರು ಪ್ರತಿ ಭಾನುವಾರ ತಪ್ಪದೆ ಬಂದು, ಕಾಫಿ ಕುಡಿದು, ಯಾವ ವಿಷಯ ಕೇಳಿದರೂ "ನಾನು ಬಂದಿದ್ದೀನಿ, ಆದರೆ ಇಲ್ಲ" ಎನ್ನತೊಡಗಿದರು. ಶಿವಾನಂದನ ಮಂಡಿ ದೊಡ್ಡದಾಗಿ ಅವನಿಗೆ ಪುರುಸೊತ್ತಿಲ್ಲವಾಯಿತು. ಮಲ್ಲೇಶ ಬೇಲೂರಿನಲ್ಲಿ ಮನೆ ಕಟ್ಟಿಸಲು ಶುರುಮಾಡಿದ. ಫೋನ್ ಮಾಡಿದರೆ ಸಿಮೆಂಟು, ಜಲ್ಲಿ, ಸೆಂಟ್ರಿಂಗು ಇಷ್ಟೇ ಮಾತು. ಮನೆ ಕಟ್ಟುವವರು ಬೇರೆ ಏನನ್ನೂ ಮಾಡಲಾರರು ಎಂದು ನಾನು ಸಮಾಧಾನ ಹೇಳಿಕೊಂಡೆ. ಒಂದು ಸಾಲು ತಿದ್ದಿ ಅಂದೇ ಹತ್ತು ಶಾಲೆಗೆ ಮುಟ್ಟಿಸಿ ಖುಷಿಪಡುತ್ತಿದ್ದ ಮನುಷ್ಯನಿಗೆ, ಅದೇ ಒಂದು ಸಾಲಿಗೆ ಮೂರು ಪೂರ್ಣವಾಕ್ಯಗಳ ಒಪ್ಪಿಗೆ ಕಾಯುವುದರಲ್ಲಿ ಏನು ರುಚಿ ಉಳಿದೀತು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಗ್ರೂಪಿನಲ್ಲಿ ಕೊನೆಗೆ ನನ್ನ ಮೇಲ್‌ಗಳಷ್ಟೇ ಉಳಿದವು: 'ಜ್ಞಾಪನೆ', 'ಎರಡನೇ ಜ್ಞಾಪನೆ', 'ಅಂತಿಮ ಜ್ಞಾಪನೆ'. ಅದಕ್ಕೂ ಉತ್ತರ ಬಾರದಾಗ 'ಅಂತಿಮ ಜ್ಞಾಪನೆಯ ಕುರಿತು ಜ್ಞಾಪನೆ'. ನಾನು ಪ್ರೋಗ್ರಾಮಿನ ಒಂದಕ್ಷರ ಮುಟ್ಟಿ ಎಷ್ಟು ಕಾಲವಾಗಿತ್ತೆಂದು ಯಾರೂ ಕೇಳಲಿಲ್ಲ. ಕೇಳಲು ಯಾರಾದರೂ ಇರಬೇಕಲ್ಲ.

ಉಳಿದವರು ನಾಗರತ್ನ ಮೇಡಂ. ಅವರಿಗೆ ಒಂದು ನಿಜವಾದ ಕಷ್ಟ ಬಂದಿತ್ತು. ಹಳೇಬೀಡಿನ ಅವರ ಶಾಲೆಯ ವಿಜ್ಞಾನದ ಮೇಷ್ಟ್ರು ಬಸವರಾಜು ಅವರನ್ನು ವಾರದಲ್ಲಿ ಅರ್ಧ ದಿನಗಳು ಬಿಕ್ಕೋಡಿನ ಶಾಲೆಗೂ ಡೆಪ್ಯುಟೇಶನ್ ಹಾಕಿದ್ದರು. ಒಬ್ಬ ಮನುಷ್ಯ ಎರಡು ಶಾಲೆಗೆ ಸೇರಿರಬಹುದೆಂದು ಗಂಟೆಗೆ ಗೊತ್ತಿರಲಿಲ್ಲ. ಎರಡೂ ಶಾಲೆಯವರು ಗಂಟೆಯಲ್ಲೇ ವೇಳಾಪಟ್ಟಿ ತೆಗೆದರು. ಎರಡೂ ಕಡೆ ಬಸವರಾಜು ಅವರಿಗೆ ಅವೇ ದಿನ ಅವೇ ಹೊತ್ತಿಗೆ ಪಾಠ ಬಿತ್ತು. ಕೈಯಲ್ಲೇ ತಿದ್ದಿಕೊಳ್ಳಿ ಎಂದರೆ ಎರಡೂ ಕಡೆಯ ಹೆಡ್‌ಮಾಸ್ಟರುಗಳು, "ಕಂಪ್ಯೂಟರ್ ಕೊಟ್ಟಿರೋದನ್ನ ನಾವು ತಿದ್ದೋದಾ?" ಎಂದು ಕೈ ಮುಗಿದರು. ಪಾಪದ ಮನುಷ್ಯ ಯಾರಿಗೂ ಇಲ್ಲವೆನ್ನಲಾರದೆ ಹಳೇಬೀಡಿನಲ್ಲಿ ಅರ್ಧ ಪಿರಿಯಡ್ ಮಾಡಿ ಬಸ್ಸು ಹತ್ತಿ, ಬೇಲೂರಿನಲ್ಲಿ ಇಳಿದು ಬಿಕ್ಕೋಡಿನ ಬಸ್ಸಿಗೆ ಕಾಯುತ್ತ ವರ್ಷ ಕಳೆದರು. ಅವರನ್ನು ಹುಡುಕುವವರು ಸೀದಾ ಬೇಲೂರು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದರು. ನಾನು ಇದನ್ನು ಹೋಟೆಲಿನಲ್ಲಿ ಹೇಳಿ ನಗಿಸಿದ್ದೂ ಉಂಟು. ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ನಾಗರತ್ನ ಮೇಡಂ ಫೋನ್ ಮಾಡಿದರು. "ಸಾರ್, ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳು ವಿಜ್ಞಾನದಲ್ಲಿ ಹೋದ್ವು. ಚೆನ್ನಾಗಿ ಓದ್ತಿದ್ದ ಹುಡುಗಿ ಒಂದಿತ್ತು, ಅದೂ ಹೋಯ್ತು. ಮನೇಲಿ ಆಗ್ಲೇ ಗಂಡು ನೋಡ್ತಿದ್ದಾರಂತೆ" ಎಂದರು. ಆಮೇಲೆ ನಾನು ಆ ಬಸ್‌ಸ್ಟ್ಯಾಂಡಿನ ಮಾತು ಹೇಳಿ ಯಾರನ್ನೂ ನಗಿಸಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಅವರು ತಾವೇ ಕೂತು ಪ್ರೋಗ್ರಾಮ್ ಓದಿ, ಎರಡು ಶಾಲೆಗಳ ಪಟ್ಟಿಯನ್ನು ಒಟ್ಟಿಗೇ ಮಾಡಿ, ನಡುವೆ ಬಸ್ಸಿನ ಹೊತ್ತನ್ನೂ ಬಿಡುವಂತೆ ಗಂಟೆಯನ್ನು ತಿದ್ದಿದರು. ಮೇ ತಿಂಗಳಲ್ಲಿ ಗ್ರೂಪಿಗೆ ಕಳಿಸಿ, ಶಾಲೆ ಶುರುವಾಗುವ ಮೊದಲು ಬಿಡುಗಡೆಯಾಗಬೇಕೆಂದು ಕೇಳಿಕೊಂಡರು. ನಾನು ಹಾಕಿ ನೋಡಿದೆ. ಅಚ್ಚುಕಟ್ಟಾಗಿತ್ತು. ಆವೃತ್ತಿಯ ಸಂಖ್ಯೆ ಸಹಿತ ಪೂರ್ಣವಾಕ್ಯದಲ್ಲಿ ಒಪ್ಪಿಗೆ ಬರೆದೆ. ಅವರದೊಂದು, ನನ್ನದೊಂದು. ಮೂರನೆಯದು ಬೇಕು. ಹುಡುಕಿಕೊಂಡು ಹೊರಟೆ.

ಶಿವಾನಂದ ಮಂಡಿಯಲ್ಲಿ ಕೊಬ್ಬರಿ ರಾಶಿಗಳ ನಡುವೆ ಕೂತಿದ್ದ. "ಬನ್ನಿ ಸಾರ್ ಬನ್ನಿ, ಕೂತ್ಕಳಿ, ಎಳನೀರು ಕುಡೀವ್ರಂತೆ" ಎಂದ.

"ಒಪ್ಪಿಗೆ ಬೇಕಿತ್ತಲ್ಲ ಶಿವಾನಂದ, ಹೊಸ ಆವೃತ್ತಿಗೆ."

"ಐತಲ್ಲ ಸಾರ್ ಒಪ್ಪಿಗೆ! ಅದುಕ್ಕೆ ಈ ಬಿಸ್ಲಲ್ಲಿ ಬರಬೇಕಿತ್ತಾ?"

"ಬಾಯಿಮಾತಲ್ಲಿ ಆಗಲ್ಲ. ಮೇಲ್ ಹಾಕಬೇಕು."

"ಪಾಸ್‌ವರ್ಡ್ ಯಾವಾಗ್ಲೋ ಮರ್ತೋಯ್ತು ಸಾರ್. ನನ್ನ ಹೆಸ್ರಲ್ಲಿ ನೀವೇ ಒಂದು ಹಾಕ್ಕಬಿಡಿ, ಯಾರು ಕೇಳ್ತಾರೆ?"

"ಅದು ನಿಯಮಕ್ಕೆ ವಿರುದ್ಧ."

ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಮಂಡಿಯವರು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಪೂರಾ ಒಣಗಿದೆಯೋ ಎಂದು ಪರೀಕ್ಷಿಸುವಾಗ ಹಾಗೆ ನೋಡುತ್ತಾರೆ. ಎಳನೀರು ಚೆನ್ನಾಗಿತ್ತು.

ರಾಯರು ಎಂದಿನಂತೆ ಸಂಜೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಗಾಡಿಗಳು ತಡವಾಗುವುದನ್ನು ಆಸ್ವಾದಿಸುತ್ತಿದ್ದರು. "ಹದಿನಾಲ್ಕು ಹತ್ತು ಹಾಕ್ತೀರೋ? ಹಾಕ್ತೀನಿ ಅನ್ನಿ, ಈಗಲೇ ಒಪ್ಪಿಗೆ ಕಳಿಸ್ತೀನಿ" ಎಂದರು. ಅದಕ್ಕೆ ಬೇರೊಂದು ನಿರ್ಣಯ ಆಗಬೇಕೆಂದೆ. "ಆ ನಿರ್ಣಯಕ್ಕೆ ಏನು ಬೇಕು?" ಎಂದರು. ಕೋರಂ ಎಂದೆ. ಅವರು ನಗಲು ಶುರುಮಾಡಿದರು. ನಡುವೆ ಒಂದು ಗಾಡಿ ಬಂದು ನಿಂತು ಹೋಯಿತು, ನಗು ನಿಂತಿರಲಿಲ್ಲ. "ಸಿಗ್ನಲ್ ಹಾಕಿ ನಿಲ್ಸಿದವರೂ ನೀವೇ, ಸಿಗ್ನಲ್ ಬೀಳಲಿಲ್ಲ ಅಂತ ಕಾಯ್ತಾ ನಿಂತವರೂ ನೀವೇ" ಎಂದು ಕಣ್ಣೊರೆಸಿಕೊಂಡರು.

ಮಲ್ಲೇಶನನ್ನು ನೋಡಲು ಬೇಲೂರಿಗೇ ಹೋದೆ. ಹೊಸದಾಗಿ ಹಾಕಿದ ತಾರಸಿಗೆ ಪೈಪ್ ಹಿಡಿದು ನೀರುಣಿಸುತ್ತಿದ್ದ. "ಮೇಡಂ ಚೆನ್ನಾಗಿ ಬರೆದಿದ್ದಾರೆ ಸಾರ್, ನಾನೂ ನೋಡ್ದೆ. ಖಂಡಿತ ಮೇಲ್ ಹಾಕ್ತೀನಿ" ಎಂದ. ಆ ಸಂಜೆಯೇ ಹಾಕಿದ. ಬ್ರೌಸಿಂಗ್ ಸೆಂಟರಿಗೆ ಓಡಿ ಅದನ್ನು ತೆರೆದೆ. ಅದರಲ್ಲಿದ್ದದ್ದು ಒಂದೇ ಮಾತು: "ಓಕೆ."

ಆವೃತ್ತಿಯ ಸಂಖ್ಯೆ ಇಲ್ಲ. ವಾಕ್ಯ ಪೂರ್ಣವಿಲ್ಲ.

ಓದುಗರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಅದನ್ನು ನಾನು ಮಾಡಲಿಲ್ಲ. "ತಮ್ಮ ಒಪ್ಪಿಗೆ ನಿಯಮಾನುಸಾರ ಇಲ್ಲವಾದ್ದರಿಂದ ಊರ್ಜಿತವಲ್ಲ, ದಯವಿಟ್ಟು ಕ್ರಮಬದ್ಧವಾಗಿ ಮತ್ತೊಮ್ಮೆ ಕಳಿಸುವುದು" ಎಂದು ಉತ್ತರ ಬರೆದೆ. ಬರೆದು, ಎಷ್ಟು ನಿಷ್ಪಕ್ಷಪಾತಿ ನಾನು ಎಂದು ಒಳಗೊಳಗೇ ಬೀಗಿದೆ. ಮಲ್ಲೇಶನಿಂದ ಮತ್ತೆ ಸುದ್ದಿಯಿಲ್ಲ. ಮನೆಗೆ ಬಂದು ಹೇಳಿದಾಗ ಗಿರಿಜಾ ಹುಳಿಗೆ ಸೌಟು ಹಾಕುತ್ತಿದ್ದವಳು ನಿಲ್ಲಿಸಿ, "ನೀವೇ ಊಟಕ್ಕೆ ಕರೆದ ನೆಂಟರು ಕೊನೆಗೂ ಬಾಗಿಲಿಗೆ ಬಂದ್ರೆ, ಎಡಗಾಲು ಮುಂದಿಟ್ರಿ ಅಂತ ವಾಪಸ್ ಕಳಿಸಿದ್ರಲ್ರೀ!" ಎಂದಳು. ನಾಗರತ್ನ ಮೇಡಂ ಫೋನಿನಲ್ಲಿ ಅಷ್ಟೂ ಹೇಳಲಿಲ್ಲ. "ಸಾರ್, ಅವರು ಓಕೆ ಅಂದ್ರಲ್ಲ?" ಎಂದು ಕೇಳಿದರು. ಓಕೆ ಎಂಬುದು ಒಪ್ಪಿಗೆ ಅಲ್ಲವೆಂದು ನಾನು ಹೇಳುತ್ತಿಲ್ಲ, ಆದರೆ... ಎಂದು ಶುರುಮಾಡಿದೆ. ಅವರು ಕೇಳುವಷ್ಟು ಕೇಳಿ, "ಸ್ಕೂಲು ಶುರುವಾಗೋಕೆ ಬಂತು ಸಾರ್. ಬಸವರಾಜು ಸಾರ್ ಈ ವರ್ಷಾನೂ ಬಸ್‌ಸ್ಟ್ಯಾಂಡಲ್ಲೇ ನಿಲ್ಬೇಕಾ?" ಎಂದರು. ಇನ್ನೊಂದು ಜ್ಞಾಪನೆ ಕಳಿಸುತ್ತೇನೆ ಎಂದೆ. ಆ ಕಡೆ ಫೋನ್ ಇಟ್ಟ ಸದ್ದು ತುಸು ಜೋರಾಗಿ ಕೇಳಿಸಿತು.

ಮಾರನೆಯ ದಿನ ಗ್ರೂಪಿಗೆ ಅವರಿಂದ ಮೇಲ್ ಬಂತು. ಇನ್ನು ಮುಂದೆ ಯಾವುದೇ ವಿಷಯಕ್ಕೆ ಶನಿವಾರದೊಳಗೆ ಯಾರೂ ಬೇಡವೆನ್ನದಿದ್ದರೆ ಎಲ್ಲರೂ ಒಪ್ಪಿದಂತೆ ಎಂದು ಇಟ್ಟುಕೊಳ್ಳೋಣ, ಬೇಡ ಎನ್ನುವವರು ಹೇಳಿ ಎಂದಿತ್ತು. ನನಗೆ ಮೈ ಉರಿದುಹೋಯಿತು. ನಿಯಮ ತಿದ್ದಲು ನಾಲ್ವರ ಲಿಖಿತ ಒಪ್ಪಿಗೆ ಬೇಕು. ಇದು ಚರ್ಚೆಗೇ ಯೋಗ್ಯವಲ್ಲ. ಉತ್ತರ ಬರೆದರೆ ಇದನ್ನು ಒಂದು ಪ್ರಸ್ತಾಪವೆಂದು ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ಗಂಭೀರವಾದ ಮೌನ ತಾಳಿದೆ. ಮುಂದಿನ ವಾರ ಇನ್ನೊಂದು ಮೇಲ್: ತಿದ್ದಿದ ಪ್ರೋಗ್ರಾಮನ್ನು 'ಬೆಲ್' ಎಂಬ ಹೆಸರಿನಲ್ಲಿ ಹೊರಗೆ ಬಿಡುತ್ತಿದ್ದೇವೆ, ಇನ್ನು ಮುಂದಿನ ಕೆಲಸವೆಲ್ಲ ಅದರಲ್ಲೇ, ಆಕ್ಷೇಪಣೆ ಇದ್ದರೆ ತಿಳಿಸಿ. ಬೆಲ್! ಜವಾನನಿಂದ ಹಿಡಿದು ಮಕ್ಕಳವರೆಗೆ ಯಾರೂ ಗಂಟೆ ಹೊಡೆಯಿತು ಎನ್ನುವುದಿಲ್ಲ, ಬೆಲ್ ಹೊಡೆಯಿತು ಎನ್ನುತ್ತಾರೆ ಎಂಬುದು ಅವರ ವಾದ. ನಾನು ಇನ್ನಷ್ಟು ಗಂಭೀರವಾದ ಮೌನ ತಾಳಿದೆ.

ಮೌನದಲ್ಲಿರುವವನಿಗೂ ಮೇಲ್‌ಗಳು ಬರುತ್ತಲೇ ಇರುತ್ತವೆ. ಮಲ್ಲೇಶ ತಾರಸಿಗೆ ನೀರುಣಿಸುವ ನಡುವೆಯೇ ಎರಡು ತಪ್ಪು ತಿದ್ದಿ ಕಳಿಸಿದ. ಶಿವಾನಂದನಿಗೆ ಹೇಗೋ ಪಾಸ್‌ವರ್ಡ್ ನೆನಪಾಗಿ ಬಟನ್ನುಗಳು ಮತ್ತೆ ಹೋಳಿ ಆಡಿದವು. ಹದಿನಾಲ್ಕು ಹತ್ತು ಬೇಕಾದವರು ಒಂದು ಟಿಕ್ ಹಾಕಿಕೊಳ್ಳಲಿ, ಬೇಡದವರು ಬಿಡಲಿ ಎಂದು ನಾಗರತ್ನ ಮೇಡಂ ಒಂದೇ ಮಾತಿನಲ್ಲಿ ಮುಗಿಸಿದ್ದರಿಂದ ರಾಯರು "ನಾನು ಇದ್ದೇನೆ" ಎಂದು ಬರೆದರು. ಅಷ್ಟು ಜ್ಞಾಪನೆಗಳಿಗೆ ಏಳದವರು ಹೀಗೆ ದಡಬಡನೆ ಎದ್ದು ಕೂತದ್ದನ್ನು ನೋಡಿ ನನಗೆ ಸಂಕಟವಾಯಿತು. ಹೊಟ್ಟೆಯುರಿ ಎಂದರೂ ಸರಿಯೇ. ಊರ ಬಾವಿ ಎಂದು ಮೈಕಿನಲ್ಲಿ ಕೂಗಿದ್ದವನು ನಾನು; ಹಗ್ಗ ಕೊಡ ತಂದವರನ್ನು ಕಂಡು ಬಾವಿಕಟ್ಟೆಯ ಮೇಲೆ ಅಡ್ಡ ಮಲಗಬೇಕೆನ್ನಿಸಿತು. ಅದಕ್ಕಿಂತ ಸಂಕಟವಾದದ್ದು ಶಾಲೆ ಶುರುವಾದ ದಿನ. ನಮ್ಮ ಸ್ಟಾಫ್‌ರೂಮಿನ ಗೋಡೆಯ ಮೇಲೆ ನಮ್ಮ ಹೆಡ್‌ಮಾಸ್ಟರು ಅಂಟಿಸಿದ್ದ ಹಾಳೆಯ ತುದಿಯಲ್ಲಿ 'ಬೆಲ್' ಎಂದಿತ್ತು. "ಒಳ್ಳೇ ಸಿ.ಡಿ. ಬಂದಿದೆ ಕಣ್ರೀ, ನೀವೂ ನೋಡಿ" ಎಂದು ಅವರು ನನಗೇ ಶಿಫಾರಸು ಮಾಡಿದರು.

ಎದುರಾ ಎದುರು ಕೇಳಿಯೇಬಿಡಬೇಕೆಂದು ಒಂದು ಶನಿವಾರ ರಜೆ ಹಾಕಿ ಜಾವಗಲ್ ಮೇಲಿನ ಬಸ್ಸು ಹತ್ತಿದೆ. ಗಿರಿಜಾಗೆ ಹಳೇಬೀಡಿನ ದೇವಸ್ಥಾನ ನೋಡಿಬರುತ್ತೇನೆ ಎಂದಿದ್ದೆ. "ಯಾರ ಮೇಲೆ ಜಗಳಕ್ಕೆ ಹೋಗ್ತಿದ್ದೀರಿ?" ಎಂದು ಕೇಳಿ ಅವಳು ಬಾಗಿಲು ಹಾಕಿಕೊಂಡಳು.

ಶಾಲೆಯ ವರಾಂಡದಲ್ಲಿ ಕಾಲಿಡುತ್ತಿದ್ದಂತೆ ಹತ್ತನೇ ತರಗತಿಯಿಂದ ಗಂಡಸಿನ ದನಿ ಕೇಳಿಸಿತು. ಎಲೆಯಲ್ಲಿ ಆಹಾರ ಹೇಗೆ ತಯಾರಾಗುತ್ತದೆ ಎಂದು ಯಾರೋ ನಿಧಾನವಾಗಿ, ಗಡಿಯಾರ ನೋಡುವ ಆತುರವಿಲ್ಲದೆ ಹೇಳುತ್ತಿದ್ದರು. ಕಿಟಕಿಯಲ್ಲಿ ಇಣುಕಿದೆ. ಬಸವರಾಜು. ನಾನು ಅವರನ್ನು ಬಸ್‌ಸ್ಟ್ಯಾಂಡಿನ ಹೊರಗೆ ಕಂಡದ್ದು ಅದೇ ಮೊದಲು. ಬೋರ್ಡಿನ ಮೇಲೆ ಚೆಂದದ ಒಂದು ಎಲೆ ಬರೆದಿದ್ದರು, ಅದಕ್ಕೆ ನರಗಳನ್ನೂ ಎಳೆಯುವಷ್ಟು ಅವರಿಗೆ ಪುರುಸೊತ್ತಿತ್ತು. ಹಿಂದಿನ ಬೆಂಚಿನಲ್ಲಿ ಯೂನಿಫಾರ್ಮ್ ಇಲ್ಲದೆ ಲಂಗ ದಾವಣಿಯ ಒಂದು ಹುಡುಗಿ ಕೂತು ಬರೆದುಕೊಳ್ಳುತ್ತಿತ್ತು. ನನಗೆ ಥಟ್ಟನೆ ತುಂಬ ಸಂತೋಷವಾಯಿತು. ಹೊಟ್ಟೆಯುರಿಗಿಂತ ಮೊದಲು ಸಂತೋಷ ಬಂದದ್ದಕ್ಕೆ ನನಗೇ ಆಶ್ಚರ್ಯ. ಆದರೆ ಜಗಳಕ್ಕೆಂದು ಬಸ್ ಚಾರ್ಜು ಕೊಟ್ಟು ಬಂದವನು ಸಂತೋಷಪಟ್ಟು ಹೋಗಲಾದೀತೇ? ಸ್ಟಾಫ್‌ರೂಮಿಗೆ ಹೋದೆ.

ನಾಗರತ್ನ ಮೇಡಂ ಎದ್ದು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. "ಆ ಹುಡುಗಿಗೆ ಮತ್ತೆ ಪರೀಕ್ಷೆ ಕಟ್ಸಿದ್ದೀವಿ ಸಾರ್. ಅವರಪ್ಪನ ಹತ್ರ ಮಾತಾಡಿ, ಶನಿವಾರ ಶನಿವಾರ ಬಂದು ಕೂತ್ಕೊಳ್ಳೋ ಹಾಗೆ ಮಾಡಿದ್ದೀವಿ" ಎಂದರು. ಒಳ್ಳೆಯದಾಯಿತು ಎಂದೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅದು ಸರಿ ಮೇಡಂ, ಆದರೆ ನನ್ನನ್ನ ಒಂದು ಮಾತು ಕೇಳಬಹುದಿತ್ತು" ಎಂದೆ.

"ಕೇಳಿದ್ನಲ್ಲ ಸಾರ್! ಮೇಲ್ ಹಾಕಿದ್ದೆ. ನೀವು ಬೇಡ ಅನ್ನಲಿಲ್ಲ. ಬೇಡ ಅನ್ನದಿದ್ರೆ ಒಪ್ಪಿದ ಹಾಗೆ ಅಂತ ನಿಯಮ ಇದೆಯಲ್ಲ?"

"ಆ ನಿಯಮ ಮಾಡಿದವರು ಯಾರು? ಅದಕ್ಕೆ ಕೋರಂ ಇತ್ತೇ?"

"ಅದಕ್ಕೂ ನೀವು ಸುಮ್ಮನೇ ಇದ್ರಿ ಸಾರ್."

ಹೇಳಬೇಕಾದ ಉತ್ತರ ಖಂಡಿತ ಒಂದಿತ್ತು. ಈಗಲೂ ಬಸ್ಸಿನಲ್ಲಿ ಕೂತಾಗ ಅದನ್ನು ಹುಡುಕುತ್ತಿರುತ್ತೇನೆ. ಅಷ್ಟರಲ್ಲಿ ಹೊರಗೆ ಬೆಲ್ ಹೊಡೆಯಿತು. ಬಸವರಾಜು ಕೈಯ ಸೀಮೆಸುಣ್ಣ ಕೊಡವಿಕೊಳ್ಳುತ್ತ ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತರು, ನಿಶ್ಚಿಂತೆಯಾಗಿ ಕಾಫಿ ಕುಡಿಯಲು. "ಬೆಲ್‌ಗೂ ಒಂದಿಷ್ಟು ನಿಯಮ ಬೇಕಾಗುತ್ತೆ ಸಾರ್, ನೀವಿರ್ತೀರಲ್ಲ" ಎಂದರು ಮೇಡಂ. ನಾನು ಸುಮ್ಮನೆ ಕಾಫಿ ಕುಡಿದೆ. ಆ ಸುಮ್ಮನಿರುವಿಕೆಯೂ ಲೆಕ್ಕಕ್ಕೆ ಸೇರಿತೆಂದು ತಿಳಿದದ್ದು ಮುಂದಿನ ವಾರ, ಗ್ರೂಪಿಗೆ ಬಂದ ಮೇಲ್ ಓದಿದಾಗ: ಬೆಲ್‌ನ ನಿಯಮಾವಳಿ ಸಮಿತಿಗೆ ನನ್ನನ್ನು ಸರ್ವಾನುಮತದಿಂದ ಅಧ್ಯಕ್ಷನನ್ನಾಗಿ ಆರಿಸಲಾಗಿತ್ತು. ಸಮಿತಿಯ ಸದಸ್ಯರು ಯಾರು ಯಾರು ಎಂದು ನೋಡಿದೆ. ನಾನೊಬ್ಬನೇ.

ಮೊದಲು ಅವಮಾನವೆನ್ನಿಸಿತು. ಯೋಚಿಸಿದಂತೆಲ್ಲ ಇದಕ್ಕಿಂತ ಸುಖದ ಸಮಿತಿ ಇನ್ನೊಂದಿಲ್ಲ ಎನ್ನಿಸತೊಡಗಿತು. ಒಬ್ಬನ ಸಮಿತಿಗೆ ಕೋರಂ ಕೊರತೆಯ ಭಯವಿಲ್ಲವಲ್ಲ. ಮೊದಲ ಸಭೆಯನ್ನು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲೇ ಕರೆದೆ. ಆದರೆ ಆ ಹೊತ್ತಿಗೆ ಸರಿಯಾಗಿ ಗಿರಿಜಾ ಒಳಗಿನಿಂದ ಉಪ್ಪಿಟ್ಟು ಆರುತ್ತಿದೆ ಎಂದು ಕರೆದದ್ದರಿಂದ ನಾನು ಸಭೆಗೆ ಹಾಜರಾಗಲು ಆಗಲಿಲ್ಲ. ಕೋರಂ ಇಲ್ಲದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಲಾಯಿತು.